25 ಯೂನಿಟ್ ಕಮ್ಮಿ ಬಳಸಿದ್ದಕ್ಕೆ 95 ಡಾಲರ್ ಜಾಸ್ತಿ ಬಿಲ್!

ಓದುಗರ ಪ್ರಶ್ನೆ: ನಾವು ಮೈಸೂರಿನವರು. ಕಳೆದ ಅಕ್ಟೋಬರ್‌ನಲ್ಲಿ ಅಮೆರಿಕದ ಟೆಕ್ಸಸ್‌ಗೆ, ಡಲ್ಲಾಸ್ ಪಕ್ಕದ ಇರ್ವಿಂಗ್‌ಗೆ ಬಂದೆವು. ಎರಡು ಬೆಡ್‌ರೂಮಿನ ಬಾಡಿಗೆ ಅಪಾರ್ಟ್‌ಮೆಂಟ್. ಹೀಟರ್, ಒಲೆ, ಬಿಸಿನೀರು ಎಲ್ಲ ಕರೆಂಟಿನದ್ದೇ. ಇಲ್ಲಿ ಕರೆಂಟು ಮಾರುವ ಕಂಪನಿಯನ್ನು ನಾವೇ ಆರಿಸಬೇಕಂತೆ. ಪಟ್ಟಿಯಲ್ಲಿ ಇಷ್ಟೊಂದು ಕಂಪನಿ ನೋಡಿ ದಂಗಾದೆವು. ಎಲ್ಲಕ್ಕಿಂತ ಮೇಲಿದ್ದ, ಯೂನಿಟ್‌ಗೆ 10.4 ಸೆಂಟ್ ಎಂದಿದ್ದ ಒಂದು ವರ್ಷದ ಪ್ಲ್ಯಾನ್ ತಗೊಂಡೆವು. ಫೆಬ್ರವರಿಯಲ್ಲಿ 1010 ಯೂನಿಟ್‌ಗೆ 106 ಡಾಲರ್ ಬಂತು. ಮಾರ್ಚ್‌ನಲ್ಲಿ 985 ಯೂನಿಟ್‌ಗೆ 201 ಡಾಲರ್! ಮೀಟರ್ ಕೆಟ್ಟಿದೆ ಅನ್ನುತ್ತಾರೆ ನಮ್ಮವರು. ಸಣ್ಣ ಕಂಪನಿ ತಗೊಂಡಿದ್ದೀರಿ, ಕರೆಂಟು ಹೋದರೆ ನಿಮಗೆ ಎಲ್ಲರಿಗಿಂತ ಕೊನೆಗೆ ಬರೋದು ಅಂತ ಗೆಳೆಯರೊಬ್ಬರು ಹೆದರಿಸಿದರು. 2021ರಲ್ಲಿ ಜನರಿಗೆ ಸಾವಿರಾರು ಡಾಲರ್ ಬಿಲ್ ಬಂದಿತ್ತಂತೆ, ಅದು ನಮಗೂ ಆಗಬಹುದಾ? ಮೊನ್ನೆ ಒಬ್ಬ ಬಾಗಿಲು ತಟ್ಟಿ, ತಂತಿ ಕಂಪನಿಯ ಕಡೆಯವನು, ನಿಮ್ಮ ಬಿಲ್ ತೋರಿಸಿ ಅಂದ. ನಾವು ತೋರಿಸಲಿಲ್ಲ. ಅವಧಿಗೆ ಮೊದಲೇ ಬಿಟ್ಟರೆ ಬೀಳುವ 150 ಡಾಲರ್ ದಂಡ ಕಟ್ಟಿ ಈ ಕಂಪನಿ ಬಿಟ್ಟುಬಿಡೋಣವೇ? ಊರಲ್ಲಿ ಸೆಸ್ಕ್ ಒಂದೇ ಇತ್ತು, ತಲೆನೋವೇ ಇರಲಿಲ್ಲ. ಇದನ್ನು ಸ್ಪರ್ಧೆ ಅನ್ನಬೇಕೋ ಮೋಸ ಅನ್ನಬೇಕೋ? ಮುಂದಿನ ವರ್ಷ ಇಲ್ಲೇ ಹತ್ತಿರದ ಫ್ರಿಸ್ಕೋದಲ್ಲಿ ಮನೆ ಕೊಳ್ಳುವ ಯೋಚನೆಯೂ ಇದೆ.

ಉತ್ತರ:

ಬಿಲ್‌ಗಳ ಪ್ರತಿಯನ್ನೂ ಕಳಿಸಿದ್ದು ಒಳ್ಳೆಯದಾಯಿತು. ಮೀಟರ್ ಸರಿಯಾಗಿದೆ. ಬಿಲ್ಲೂ ಕರಾರಿನ ಪ್ರಕಾರವೇ ಇದೆ. ಸಮಸ್ಯೆ ಇರುವುದು ಆ 10.4 ಎಂಬ ಅಂಕಿಯಲ್ಲಿ.

ನಿಮ್ಮ ಪ್ಲ್ಯಾನ್ ಜೊತೆ ಎರಡು ಪುಟದ ಒಂದು ಚೀಟಿ ಬಂದಿರುತ್ತದೆ. ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್ ಅಂತ ಅದರ ಹೆಸರು. ಪ್ರತಿ ಪ್ಲ್ಯಾನ್‌ಗೂ ಇದನ್ನು ಕೊಡಲೇಬೇಕು ಎಂದು ಟೆಕ್ಸಸ್‌ನ ಪಬ್ಲಿಕ್ ಯುಟಿಲಿಟಿ ಕಮಿಷನ್ ನಿಯಮ ಮಾಡಿದೆ. ಅದರಲ್ಲಿ ಸರಾಸರಿ ದರವನ್ನು ಮೂರೇ ಮೂರು ಕಡೆ ತೋರಿಸಿರುತ್ತಾರೆ: ತಿಂಗಳಿಗೆ 500 ಯೂನಿಟ್ ಬಳಸಿದರೆ ಎಷ್ಟು, 1000 ಬಳಸಿದರೆ ಎಷ್ಟು, 2000 ಬಳಸಿದರೆ ಎಷ್ಟು. ನಿಮ್ಮ ಚೀಟಿಯಲ್ಲಿ 500ಕ್ಕೆ 20.8 ಸೆಂಟ್, 1000ಕ್ಕೆ 10.4, 2000ಕ್ಕೆ 15.2 ಅಂತಿದೆ. ಯೂನಿಟ್ ದರ ಅರ್ಧಕ್ಕೆ ಇಳಿದು ಮತ್ತೆ ಏರುತ್ತದೆ. ವಿಚಿತ್ರ ಅಲ್ವಾ?

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಸಲಿ ಲೆಕ್ಕವಿದೆ. ಕಂಪನಿಯ ಕರೆಂಟಿಗೆ ಯೂನಿಟ್‌ಗೆ 15 ಸೆಂಟ್. ಕರೆಂಟನ್ನು ಮನೆಗೆ ಮುಟ್ಟಿಸುವ ತಂತಿ ಕಂಪನಿಯ ಸಾಗಣೆಗೆ ಯೂನಿಟ್‌ಗೆ 5 ಸೆಂಟ್, ಜೊತೆಗೆ ತಿಂಗಳಿಗೆ 4 ಡಾಲರ್. ಅಂದರೆ ನಿಮ್ಮ ನಿಜವಾದ ದರ 20 ಸೆಂಟ್. ಆಮೇಲೆ ಒಂದು ಸಾಲು: ಬಿಲ್ಲಿನ ಅವಧಿಯಲ್ಲಿ 1000 ಯೂನಿಟ್ ಮುಟ್ಟಿದರೆ 100 ಡಾಲರ್ ಕ್ರೆಡಿಟ್. 999 ಆದರೆ ಒಂದು ಸೆಂಟೂ ಇಲ್ಲ.

ಈಗ ನಿಮ್ಮ ಬಿಲ್ಲಿಗೆ ಹಾಕಿ ನೋಡಿ. 1010 ಯೂನಿಟ್‌ಗೆ 202, ಜೊತೆಗೆ 4, ಒಟ್ಟು 206. ಅದರಲ್ಲಿ 100 ಕಳೆದರೆ 106. ಮಾರ್ಚ್‌ನಲ್ಲಿ 985ಕ್ಕೆ 197, ಜೊತೆಗೆ 4, ಒಟ್ಟು 201. ಕಳೆಯೋಕೆ ಏನೂ ಇಲ್ಲ. ಸಣ್ಣಪುಟ್ಟ ತೆರಿಗೆ ಬಿಟ್ಟು ನಿಮ್ಮ ಎರಡೂ ಬಿಲ್ ಸೆಂಟ್ ಲೆಕ್ಕಕ್ಕೆ ತಾಳೆಯಾಗುತ್ತವೆ. ಇನ್ನೊಂದು ತಮಾಷೆ ನೋಡಿ. ನವೆಂಬರ್‌ನಲ್ಲಿ 760 ಯೂನಿಟ್ ಬಳಸಿ 156 ಡಾಲರ್ ಕಟ್ಟಿದ್ದೀರಿ. ಜನವರಿಯಲ್ಲಿ 1240 ಬಳಸಿ 152 ಕಟ್ಟಿದ್ದೀರಿ.

ಊರಿನ ಗೃಹಜ್ಯೋತಿ ನಿಮಗೆ ಗೊತ್ತೇ ಇದೆ. ಅಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ ತಲೆ ಮೇಲೆ ಬೀಳುತ್ತದೆ. ಅದಕ್ಕೇ ತಿಂಗಳ ಕೊನೆಗೆ ಗೀಸರ್ ಆಫ್ ಮಾಡುವವರಿದ್ದಾರೆ. ಇಲ್ಲಿ ಗೆರೆ 1000ದಲ್ಲಿದೆ, ಮತ್ತು ದಂಡ ಬೀಳುವುದು ಗೆರೆ ಮುಟ್ಟದೆ ಉಳಿದವರಿಗೆ.

ಮಾರ್ಚ್‌ನಲ್ಲಿ ನೀವು ಕರೆಂಟು ಉಳಿಸಿದ್ದೂ ಇಲ್ಲ, ಅದೂ ಹೇಳಬೇಕು. ಬಿಲ್ಲಿನ ಮೇಲಿರುವ ಮೀಟರ್ ರೀಡಿಂಗ್ ತಾರೀಖು ನೋಡಿ. ಫೆಬ್ರವರಿ ಬಿಲ್ 32 ದಿನದ್ದು, ಮಾರ್ಚ್‌ದು 30 ದಿನದ್ದು. ದಿನದ ಲೆಕ್ಕದಲ್ಲಿ ಮಾರ್ಚ್‌ನಲ್ಲೇ ಸ್ವಲ್ಪ ಜಾಸ್ತಿ ಬಳಸಿದ್ದೀರಿ. ರೀಡಿಂಗ್ ತಾರೀಖು ನಿಗದಿ ಮಾಡುವುದು ತಂತಿ ಕಂಪನಿ, ಕ್ಯಾಲೆಂಡರ್ ತಿಂಗಳಿಗೂ ಅದಕ್ಕೂ ಸಂಬಂಧವಿಲ್ಲ. ಎರಡು ದಿನ ಆಚೀಚೆ ಆಗಿದ್ದಕ್ಕೆ 100 ಡಾಲರ್ ಕೈತಪ್ಪಿತು.

ಇದು ಯಾಕೆ ಹೀಗೆ? ಇಲ್ಲಿ ಮನೆಗಳಿಗೆ ಕರೆಂಟು ಮಾರುವ ಕಂಪನಿಯೊಂದರ ದರ ಕಟ್ಟುವ ವಿಭಾಗದಲ್ಲಿ ನಾನೂ ಕೆಲಸ ಮಾಡಿದ್ದೇನೆ. ಒಳಗಿನಿಂದ ಕಂಡದ್ದನ್ನು ಹೇಳುತ್ತೇನೆ. ಕಮಿಷನ್ ನಡೆಸುವ ಪವರ್ ಟು ಚೂಸ್ ಜಾಲತಾಣದಲ್ಲಿ ಪ್ಲ್ಯಾನ್‌ಗಳನ್ನು ಜನ ಹೋಲಿಸುವುದು 1000 ಯೂನಿಟ್‌ನ ದರದಿಂದ. ಪಟ್ಟಿಯ ಮೊದಲ ನಾಲ್ಕೈದು ಹೆಸರು ಬಿಟ್ಟು ಕೆಳಗೆ ಹೋಗುವವರು ಕಮ್ಮಿ. ಹಾಗಾಗಿ ಎಲ್ಲರ ಪೈಪೋಟಿ ಆ ಒಂದು ಅಂಕಿ ಇಳಿಸುವುದಕ್ಕೆ. ಅದಕ್ಕೆ ಸುಲಭದ ದಾರಿ, ಸರಿಯಾಗಿ 1000ದ ಹತ್ತಿರ ಒಂದು ಕ್ರೆಡಿಟ್ ಇಡುವುದು. ಯಾರ ಮನೆಯಲ್ಲೂ ಹನ್ನೆರಡು ತಿಂಗಳೂ ಒಂದೇ ಸಮ ಕರೆಂಟು ಖರ್ಚಾಗುವುದಿಲ್ಲ. ಏಪ್ರಿಲ್, ಅಕ್ಟೋಬರ್, ನವೆಂಬರ್‌ನಲ್ಲಿ ಹೀಟರೂ ಬೇಡ, ಎಸಿಯೂ ಅಷ್ಟಾಗಿ ಬೇಡ. ಆ ತಿಂಗಳುಗಳಲ್ಲಿ ಎಷ್ಟು ಮನೆಗಳು ಗೆರೆ ಮುಟ್ಟುವುದಿಲ್ಲ ಅನ್ನುವುದು ಕಂಪನಿಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಕೊಟ್ಟದ್ದನ್ನು ಅಲ್ಲಿ ವಸೂಲಿ ಮಾಡಿಕೊಳ್ಳುತ್ತದೆ.

ಹಾಗಾದರೆ ಮೋಸವೇ? ಕಾನೂನಿನ ಕಣ್ಣಲ್ಲಿ ಅಲ್ಲ, ಎಲ್ಲ ಚೀಟಿಯಲ್ಲಿ ಬರೆದೇ ಇದೆ. ನನ್ನನ್ನು ಕೇಳಿದರೆ, ಸ್ಪರ್ಧೆ ಇರುವುದೇನೋ ನಿಜ, ಆದರೆ ಅದು ಪಟ್ಟಿಯ ಅಂಕಿಗಾಗಿ ನಡೆಯುತ್ತಿದೆ. ನಿಮ್ಮ ವರ್ಷದ ಬಿಲ್ ಇಳಿಸಲು ನಡೆದರೆ ಆಗ ಅದು ನಿಮಗೆ ಉಪಯೋಗದ್ದು. ಅದೇ ತಾಣದಲ್ಲಿ, ಇಂತಿಷ್ಟು ಬಳಸಿದರೆ ಮಾತ್ರ ಸಿಗುವ ಕ್ರೆಡಿಟ್ ಅಥವಾ ಬೀಳುವ ಶುಲ್ಕ ಇರುವ ಪ್ಲ್ಯಾನ್‌ಗಳನ್ನು ಪಟ್ಟಿಯಿಂದ ತೆಗೆಯುವ ಆಯ್ಕೆಯೂ ಇದೆ. ಬಹಳ ಜನ ಅದನ್ನು ಒತ್ತುವುದೇ ಇಲ್ಲ.

ಪಟ್ಟಿಯಲ್ಲಿ ಇಷ್ಟೊಂದು ಕಂಪನಿ ನೋಡಿ ದಂಗಾದೆವು ಅಂತಲೂ ಬರೆದಿದ್ದೀರಿ. ಹೆಸರು ಹಲವು, ಒಡೆಯರು ಅಷ್ಟಿಲ್ಲ. ರಿಲಯಂಟ್, ಗ್ರೀನ್ ಮೌಂಟನ್, ಡೈರೆಕ್ಟ್ ಎನರ್ಜಿ, ಸಿರೋ ಇವೆಲ್ಲ ಎನ್‌ಆರ್‌ಜಿ ಎಂಬ ಒಂದೇ ಕಂಪನಿಯವು. ಟಿಎಕ್ಸ್‌ಯು, ಆಂಬಿಟ್, ಟ್ರೈಈಗಲ್, ಫೋರ್‌ಚೇಂಜ್ ಇವು ವಿಸ್ಟ್ರಾದವು. ಈ ಎರಡೂ ದೊಡ್ಡ ಉತ್ಪಾದಕರು ಕೂಡ. ಟೆಕ್ಸಸ್ ಗ್ರಿಡ್‌ನ ಒಟ್ಟು ಉತ್ಪಾದನಾ ಸಾಮರ್ಥ್ಯದಲ್ಲಿ ಒಬ್ಬರ ಕೈಯಲ್ಲಿ 20 ಶೇಕಡಾಕ್ಕಿಂತ ಜಾಸ್ತಿ ಇರಬಾರದು ಅಂತ ಕಾನೂನಿದೆ. ಆ ಮಿತಿ ಕರೆಂಟು ತಯಾರಿಸುವುದಕ್ಕೆ, ಬ್ರ್ಯಾಂಡ್‌ಗಳ ಸಂಖ್ಯೆಗಲ್ಲ. ಒಂದು ಬ್ರ್ಯಾಂಡ್ ಮೇಲೆ ಸಿಟ್ಟು ಬಂದು ಇನ್ನೊಂದಕ್ಕೆ ಹೋದವರು ಎಷ್ಟೋ ಸಲ ಅದೇ ಮನೆಯ ಇನ್ನೊಂದು ಬಾಗಿಲಿಂದ ಒಳಗೆ ಬಂದಿರುತ್ತಾರೆ.

ಗೆಳೆಯರು ಹೇಳಿದ ಮಾತು ತಪ್ಪು. ಟೆಕ್ಸಸ್ 1999ರಲ್ಲಿ ಕಾನೂನು ಮಾಡಿ, 2002ರ ಜನವರಿ 1ರಿಂದ ಕರೆಂಟು ತಯಾರಿಸುವುದು, ಸಾಗಿಸುವುದು, ಮನೆಗೆ ಮಾರುವುದು ಮೂರನ್ನೂ ಬೇರೆಬೇರೆ ಮಾಡಿತು. ಸ್ಪರ್ಧೆ ಇರುವುದು ತಯಾರಿಕೆಯಲ್ಲಿ ಮತ್ತು ಮಾರಾಟದಲ್ಲಿ. ಕಂಬ, ತಂತಿ, ಮೀಟರ್ ಎಲ್ಲ ಇರ್ವಿಂಗ್‌ನಲ್ಲಿ ಆನ್‌ಕಾರ್ ಒಂದರದ್ದೇ. ಅದರ ದರವನ್ನು ಕಮಿಷನ್ ನಿಗದಿ ಮಾಡುತ್ತದೆ, ಯಾವ ಕಂಪನಿಯಿಂದ ಕೊಂಡರೂ ಆ 5 ಸೆಂಟ್ ಬದಲಾಗುವುದಿಲ್ಲ. ಕರೆಂಟು ಹೋದಾಗ ಸರಿಮಾಡಲು ಬರುವವರೂ ಅವರೇ. ನಿಮ್ಮ ಮನೆಯ ಬಿಲ್ ಯಾರ ಹೆಸರಲ್ಲಿದೆ ಅಂತ ನೋಡಿ ಅವರು ಕೆಲಸ ಮಾಡುವುದಿಲ್ಲ. ನೀವು ಕೊಂಡ ಕಂಪನಿ ನಾಳೆಯೇ ಬಾಗಿಲು ಮುಚ್ಚಿದರೂ ದೀಪ ಆರುವುದಿಲ್ಲ. ಅಂಥ ಗ್ರಾಹಕರನ್ನು ವಹಿಸಿಕೊಳ್ಳಲು ಮೊದಲೇ ನೇಮಿಸಿದ ಕಂಪನಿಗಳಿವೆ. ಅವರ ದರ ದುಬಾರಿ ಇರಬಹುದು, ಹಾಗಾಗಿ ಅಲ್ಲೇ ಕೂರದೆ ಬೇಗ ಬೇರೆ ಪ್ಲ್ಯಾನ್ ಹಿಡಿಯಬೇಕು, ಅಷ್ಟೇ.

ಸೆಸ್ಕ್ ನೆನೆಸಿಕೊಂಡಿದ್ದೀರಿ. ಅದೇ 2002ರ ಜೂನ್‌ನಲ್ಲಿ ಕರ್ನಾಟಕವೂ ಕೆಪಿಟಿಸಿಎಲ್‌ನಿಂದ ವಿತರಣೆಯನ್ನು ಬೇರೆ ಮಾಡಿ ಎಸ್ಕಾಂಗಳನ್ನು ಹುಟ್ಟುಹಾಕಿತು. ಆಮೇಲೆ ಮೆಸ್ಕಾಂನಿಂದ ಬೇರೆಯಾಗಿ ಬಂದದ್ದು ನಿಮ್ಮ ಸೆಸ್ಕ್. ಆದರೆ ಅಲ್ಲಿ ಜಿಲ್ಲೆಗಳನ್ನು ಹಂಚಿದರು. ಬಿಲ್ಲಿನ ಮೇಲೆ ಹೆಸರು ಬದಲಾಯಿತು, ಆರಿಸುವ ಅವಕಾಶ ಮನೆಯವರಿಗೆ ಬರಲಿಲ್ಲ. ದರ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ಹೇಳಿದ್ದು. ತಲೆನೋವಿಲ್ಲ, ನಿಜ. ಬೇಡ ಅಂದರೆ ಹೋಗಲು ಇನ್ನೊಂದು ಜಾಗವೂ ಇಲ್ಲ. ಭಾರತದಲ್ಲಿ ಮನೆಯವರು ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಂಡದ್ದು ಮುಂಬೈ ಉಪನಗರಗಳಲ್ಲಿ, ಟಾಟಾ ಪವರ್ ಮತ್ತು ಈಗಿನ ಅದಾನಿ ನಡುವೆ. ಅದೂ ಸುಪ್ರೀಂ ಕೋರ್ಟಿನವರೆಗೆ ಹೋಗಿ 2008ರಲ್ಲಿ ತೀರ್ಪು ಬಂದಮೇಲೆ ಸಾಧ್ಯವಾದದ್ದು.

ಈಗ 2021ರ ಕಥೆ. ಅದು ಸುಳ್ಳಲ್ಲ. ಆ ಫೆಬ್ರವರಿಯ ಹಿಮಗಾಳಿಗೆ ಗ್ಯಾಸ್ ಬಾವಿಗಳು, ಪೈಪುಗಳು, ವಿದ್ಯುತ್ ಸ್ಥಾವರಗಳು ಹೆಪ್ಪುಗಟ್ಟಿ ನಿಂತವು. 15ನೇ ತಾರೀಖು ಬೆಳಗಿನ ಜಾವ ಗ್ರಿಡ್ ನಡೆಸುವ ಎರ್ಕಾಟ್ ಸಂಸ್ಥೆ ಬಲವಂತವಾಗಿ ಕರೆಂಟು ಕಡಿತ ಶುರುಮಾಡಿತು. 45 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಲ್ಲಿ, ಚಳಿಯಲ್ಲಿ ಕೂತವು. ಸತ್ತವರು 246 ಜನ ಅಂತ ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕ. ಸಗಟು ಮಾರುಕಟ್ಟೆಯಲ್ಲಿ ಬೆಲೆ ಯೂನಿಟ್‌ಗೆ 9 ಡಾಲರ್‌ಗೆ ಏರಿ ದಿನಗಟ್ಟಲೆ ಅಲ್ಲೇ ನಿಂತಿತು. ಎರಡು ಅಂಕಿಯ ಸೆಂಟ್ ಕೊಡುವ ಜಾಗದಲ್ಲಿ 9 ಡಾಲರ್!

ಆದರೆ ಆ ಬೆಲೆ ನೇರ ತಟ್ಟಿದ್ದು ಯಾರಿಗೆ? ಗ್ರಿಡ್ಡಿ ಎಂಬ ಕಂಪನಿಯ ಸುಮಾರು 29,000 ಗ್ರಾಹಕರಂಥವರಿಗೆ. ಆ ಕಂಪನಿ ತಿಂಗಳಿಗೆ ಸಣ್ಣ ಶುಲ್ಕ ತಗೊಂಡು ಸಗಟು ಬೆಲೆಯನ್ನು ಹಾಗೇ ಮನೆಗೆ ದಾಟಿಸುತ್ತಿತ್ತು. ಬೆಲೆ ಇಳಿದಿದ್ದಾಗ ಅವರು ಕಮ್ಮಿ ಕಟ್ಟುತ್ತಿದ್ದರು. ಮುಂದಿನ ತಿಂಗಳು ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಟೆಕ್ಸಸ್ ಶಾಸನಸಭೆ, ಮನೆಗಳಿಗೆ ಈ ಥರದ ಪ್ಲ್ಯಾನ್ ಮಾರುವುದನ್ನೇ ನಿಷೇಧಿಸಿತು. ಸಗಟು ಬೆಲೆಯ ಮಿತಿಯನ್ನು ಯೂನಿಟ್‌ಗೆ 5 ಡಾಲರ್‌ಗೆ ಇಳಿಸಿದರು. ನಿಮ್ಮದು ಸ್ಥಿರ ದರದ ಕರಾರು. ಅಂಥ ರಾತ್ರಿ ಮತ್ತೆ ಬಂದರೂ ನಿಮ್ಮ 15 ಸೆಂಟ್ 15 ಸೆಂಟೇ. ಕರೆಂಟು ಹೋಗುವ ಅಪಾಯ ಬೇರೆ ವಿಷಯ. ಅದಕ್ಕೂ ಆಯ್ಕೆಗೂ ಸಂಬಂಧವಿಲ್ಲ. ಆಸ್ಟಿನ್, ಸ್ಯಾನ್ ಆಂಟೋನಿಯೋದಲ್ಲಿ ನಗರಸಭೆಯದ್ದೇ ವಿದ್ಯುತ್ ಸಂಸ್ಥೆ, ಬೇರೆ ಆಯ್ಕೆ ಇಲ್ಲ. ಅಲ್ಲಿಯ ಜನರೂ ಅವತ್ತು ಅಷ್ಟೇ ನಡುಗಿದರು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ದಂಡ ಕಟ್ಟಿ ಬಿಡಬೇಕಾ? ನಾನು ಬೇಡ ಅನ್ನುತ್ತೇನೆ.

ನವೆಂಬರ್‌ನಿಂದ ಮಾರ್ಚ್‌ವರೆಗಿನ ಐದು ಬಿಲ್ ಸೇರಿಸಿ ನೋಡಿದೆ. 5085 ಯೂನಿಟ್, 737 ಡಾಲರ್. ಸರಾಸರಿ 14.5 ಸೆಂಟ್. ನಂಬಿದ್ದ 10.4ಕ್ಕಿಂತ ತುಂಬ ಜಾಸ್ತಿ. ಆದರೆ ಕ್ರೆಡಿಟ್ ಗಿಡಿಟ್ ಇಲ್ಲದ ಒಂದು ಸಾದಾ ಪ್ಲ್ಯಾನ್ ತಗೊಂಡಿದ್ದರೆ? ಕಂಪನಿಯ ದರ 10.5 ಸೆಂಟ್ ಅಂತ ಇಟ್ಟುಕೊಳ್ಳೋಣ. ಸಾಗಣೆ ಸೇರಿಸಿ ಇದೇ ಐದು ತಿಂಗಳಿಗೆ ಸುಮಾರು 808 ಡಾಲರ್ ಆಗುತ್ತಿತ್ತು. ಮಾರ್ಚ್ ಬಿಲ್ಲಿನ ಸಿಟ್ಟಿನಲ್ಲಿ ಇದು ಕಾಣುವುದಿಲ್ಲ. 1000ದಿಂದ ಸುಮಾರು 2200 ಯೂನಿಟ್‌ವರೆಗೆ ನಿಮ್ಮ ಪ್ಲ್ಯಾನೇ ಅಗ್ಗ. 1000ಕ್ಕಿಂತ ಕೆಳಗೆ ಮಾತ್ರ ಹೊಡೆತ.

ಮುಂದೆ ಬರುವುದು ಡಲ್ಲಾಸಿನ ಬೇಸಿಗೆ. ನಿಮ್ಮಂಥ ಅಪಾರ್ಟ್‌ಮೆಂಟಿಗೆ ಏಪ್ರಿಲ್ 700, ಮೇ 950, ಜೂನ್ 1300, ಜುಲೈ 1600, ಆಗಸ್ಟ್ 1700, ಸೆಪ್ಟೆಂಬರ್ 1400, ಅಕ್ಟೋಬರ್ 900 ಅಂತ ಅಂದಾಜು ಹಾಕಿದರೆ, ಈಗಿನ ಪ್ಲ್ಯಾನ್‌ನಲ್ಲಿ 1338 ಡಾಲರ್, ಆ ಸಾದಾ ಪ್ಲ್ಯಾನ್‌ನಲ್ಲಿ 1353. ಹೆಚ್ಚುಕಮ್ಮಿ ಒಂದೇ. ದಂಡದ 150 ಸೇರಿದರೆ ಬಿಟ್ಟುಹೋಗುವುದೇ ನಷ್ಟ. ನನ್ನ ಅಂದಾಜು ತಪ್ಪಿ ನೀವು ಬೇಸಿಗೆಯಲ್ಲಿ ಎರಡು ತಿಂಗಳು ಊರಿಗೆ ಹೋದರೆ ಲೆಕ್ಕ ಬದಲಾಗುತ್ತದೆ, ಗಮನವಿರಲಿ. ಖಾಲಿ ಮನೆ ಗೆರೆ ಮುಟ್ಟುವುದಿಲ್ಲ. ಆಗ ಇದೇ ಅಂಕಿಗಳನ್ನು ಹೊಸದಾಗಿ ಹಾಕಿ ನೋಡಿ.

ಉಳಿಯುವುದಾದರೆ ಒಂದು ಕೆಲಸ ಮಾಡಿ. ಸ್ಮಾರ್ಟ್ ಮೀಟರ್ ಟೆಕ್ಸಸ್ ತಾಣದಲ್ಲಿ ಖಾತೆ ತೆರೆಯಿರಿ, ದುಡ್ಡು ಬೇಡ. ನಿನ್ನೆಯವರೆಗಿನ ಬಳಕೆ ಹದಿನೈದು ನಿಮಿಷದ ಲೆಕ್ಕದಲ್ಲಿ ಕಾಣುತ್ತದೆ. ಮುಂದಿನ ರೀಡಿಂಗ್ ತಾರೀಖು ಬಿಲ್ಲಿನಲ್ಲಿರುತ್ತದೆ. ಅದಕ್ಕೆ ಎರಡು ದಿನ ಮೊದಲು ನೋಡಿ. ಮೇ ತಿಂಗಳಲ್ಲಿ 950ಕ್ಕೆ ನಿಲ್ಲುವಂತಿದ್ದರೆ ಹೊದಿಕೆ, ಪರದೆ ಎಲ್ಲ ಒಗೆದು ಡ್ರೈಯರ್‌ಗೆ ಹಾಕಿ, ಎಸಿ ಎರಡು ಡಿಗ್ರಿ ಇಳಿಸಿ. 50 ಯೂನಿಟ್‌ಗೆ 10 ಡಾಲರ್ ಖರ್ಚು, 100 ಡಾಲರ್ ವಾಪಸ್. ಇಂಥ ಸಲಹೆ ಕೊಡುವುದಕ್ಕೆ ನನಗೇ ಒಂಥರಾ ಆಗುತ್ತದೆ, ಸುಮ್ನೆ ಕರೆಂಟು ಸುಡಿ ಅಂತ ಹೇಳಿದ ಹಾಗೆ. ಆದರೆ ನಿಮ್ಮ ಕರಾರು ಇರುವುದೇ ಹಾಗೆ. ಏಪ್ರಿಲ್‌ಗೆ ಈ ಉಪಾಯ ಬೇಡ, 300 ಯೂನಿಟ್ ಎಳೆಯೋದು ಕಷ್ಟ, ಗೆರೆ ಮುಟ್ಟದೆ ಹೋದರೆ ಖರ್ಚು ಮಾಡಿದ ದುಡ್ಡೂ ಹೋಗುತ್ತದೆ.

ನಿಜವಾಗಿ ಎಚ್ಚರವಾಗಿರಬೇಕಾದ್ದು ಅಕ್ಟೋಬರ್‌ನಲ್ಲಿ. ಕರಾರು ಮುಗಿದಾಗ ನೀವು ಏನೂ ಮಾಡದೆ ಕೂತರೆ ಕಂಪನಿ ನಿಮ್ಮನ್ನು ತಿಂಗಳು ತಿಂಗಳು ಬದಲಾಗುವ ದರಕ್ಕೆ ಹಾಕುತ್ತದೆ. ಅದು ಸಾಮಾನ್ಯವಾಗಿ ದುಬಾರಿ. ಕರಾರಿನ ಕೊನೆಯ ಮೂರನೇ ಒಂದು ಭಾಗದಲ್ಲಿ ಮೂರು ಸಲ ನಿಮಗೆ ತಿಳಿಸಬೇಕು ಅಂತ ನಿಯಮವಿದೆ. ಆ ಇಮೇಲ್‌ಗಳು ಜಾಹೀರಾತಿನ ಥರವೇ ಕಾಣುತ್ತವೆ, ಅಳಿಸಬೇಡಿ. ಮುಗಿಯುವ ತಾರೀಖಿಗೆ ಹದಿನಾಲ್ಕು ದಿನ ಇರುವಾಗಿಂದ ದಂಡವಿಲ್ಲದೆ ಬದಲಾಯಿಸಬಹುದು. ಅಷ್ಟರಲ್ಲಿ ನಿಮ್ಮ ಹತ್ತಿರ ಹನ್ನೆರಡು ತಿಂಗಳ ಬಳಕೆ ಇರುತ್ತದೆ. ನಾಲ್ಕೈದು ಪ್ಲ್ಯಾನ್‌ಗಳ ಸಣ್ಣ ಅಕ್ಷರದ ದರ ತಗೊಂಡು ಆ ಹನ್ನೆರಡು ಅಂಕಿಗೆ ಗುಣಿಸಿ. ವರ್ಷದ ಮೊತ್ತ ಯಾವುದು ಕಮ್ಮಿಯೋ ಅದು. ರಾತ್ರಿ ಕರೆಂಟು ಫ್ರೀ ಅನ್ನುವ ಪ್ಲ್ಯಾನ್‌ಗಳೂ ಕಾಣುತ್ತವೆ. ಅವುಗಳ ಹಗಲಿನ ದರ ನೋಡಿದರೆ ಸಾಕು, ಯಾರ ದುಡ್ಡಲ್ಲಿ ಫ್ರೀ ಅಂತ ಗೊತ್ತಾಗುತ್ತದೆ. ಹಗಲು ಮನೆಯಿಂದಲೇ ಕೆಲಸ ಮಾಡುವವರಿಗೆ ಅದು ಸರಿಹೋಗುವುದಿಲ್ಲ.

ಬಾಗಿಲಿಗೆ ಬಂದವನಿಗೆ ಬಿಲ್ ತೋರಿಸದಿದ್ದದ್ದು ಒಳ್ಳೆಯದಾಯಿತು. ತಂತಿ ಕಂಪನಿ ಪ್ಲ್ಯಾನ್ ಮಾರುವುದಿಲ್ಲ, ಬಾಗಿಲಿಗೆ ಬಂದು ಬಿಲ್ ಕೇಳುವುದೂ ಇಲ್ಲ. ಬಿಲ್ಲಿನ ಮೇಲಿರುವ ಇಎಸ್ಐ ಐಡಿ ಎಂಬ ಉದ್ದನೆಯ ಸಂಖ್ಯೆ ನಿಮ್ಮ ಮನೆಯ ಕರೆಂಟು ಸಂಪರ್ಕದ ಗುರುತು. ಅದೂ ಹೆಸರೂ ಸಿಕ್ಕಿದರೆ ನಿಮಗೆ ಗೊತ್ತಿಲ್ಲದೆ ನಿಮ್ಮನ್ನು ಇನ್ನೊಂದು ಕಂಪನಿಗೆ ದಾಟಿಸುವವರಿದ್ದಾರೆ. ಕಂಪನಿ ಬದಲಾಯಿಸಿದಾಗ, ಕರಾರಿನ ಪತ್ರ ಕೈಗೆ ಬಂದ ಮೇಲೆ ಕೆಲಸದ ಮೂರು ದಿನದೊಳಗೆ ಬೇಡ ಅಂತ ರದ್ದು ಮಾಡುವ ಹಕ್ಕು ನಿಮಗಿದೆ. ಕಂಪನಿ ಮಾತು ಕೇಳದಿದ್ದರೆ ಕಮಿಷನ್‌ಗೆ ದೂರು ಕೊಡಿ, ಅದಕ್ಕೆ ವಕೀಲರು ಬೇಡ.

ಫ್ರಿಸ್ಕೋದಲ್ಲಿ ಮನೆ ನೋಡುವಾಗ ಒಂದು ಮಾತು ಕೇಳಿಕೊಳ್ಳಿ: ಇಲ್ಲಿ ತಂತಿ ಯಾರದ್ದು? ಆ ಊರಿನ ಕೆಲವು ಭಾಗ ಆನ್‌ಕಾರ್‌ದು, ಅಲ್ಲಿ ಈಗಿನ ಹಾಗೇ ಆರಿಸಬಹುದು. ಕೆಲವು ಭಾಗ ಕೋಸರ್ವ್ ಎಂಬ ಸಹಕಾರಿ ಸಂಘದ್ದು. ಅಲ್ಲಿ ಮನೆ ಕೊಂಡರೆ ನೀವು ಸಂಘದ ಸದಸ್ಯರು, ದರ ಸಂಘದ್ದೇ, ಪಟ್ಟಿ ನೋಡುವ ಕೆಲಸವೇ ಇಲ್ಲ. ನಿಮ್ಮ ಮಾತು ಕೇಳಿದರೆ ಅದೇ ನಿಮಗೆ ಹಿತವೇನೋ. ಕರಾರಿನ ಮಧ್ಯೆ ಮನೆ ಬದಲಾಯಿಸಿದರೆ ದಂಡವಿಲ್ಲ, ಹೊಸ ವಿಳಾಸದ ದಾಖಲೆ ಕೊಟ್ಟರೆ ಸಾಕು. ಮಾರುವವರ ಹತ್ತಿರ ಹಿಂದಿನ ವರ್ಷದ ಕರೆಂಟು ಬಿಲ್ ಕೇಳಿ, ಅದರಲ್ಲೂ ಆಗಸ್ಟ್‌ದು. ಎರಡು ಮಹಡಿಯ ಮನೆಗೆ ಎರಡು ಎಸಿ ಇದ್ದರೆ 2200ರ ಗೆರೆಯನ್ನೂ ದಾಟಬಹುದು. ಆಗ ಈ ಕ್ರೆಡಿಟ್ ಪ್ಲ್ಯಾನ್ ಇನ್ನೊಂದು ತುದಿಯಿಂದ ದುಬಾರಿಯಾಗುತ್ತದೆ.